ಉಪ್ಪಿಟ್ಟು ಸುಲಭವಾದದ್ದು ಹೇಗೆ?

ಅಡುಗೆಯ ಗಂಧಗಾಳಿ ಇಲ್ಲದವರಿಗೆ ನಮ್ಮ ಕಡೆ ಮೊದಲು ಹೇಳಿಕೊಡುವುದು ಎರಡೇ: ಒಂದು ಚಿತ್ರಾನ್ನ, ಇನ್ನೊಂದು ಉಪ್ಪಿಟ್ಟು. ಚಿತ್ರಾನ್ನಕ್ಕೆ ಅನ್ನ ಮೊದಲೇ ಆಗಿರಬೇಕು. ಉಪ್ಪಿಟ್ಟಿಗೆ ಅದೂ ಬೇಡ. ನೆನೆಹಾಕುವ ಗೋಜಿಲ್ಲ, ರುಬ್ಬುವ ಕೆಲಸವಿಲ್ಲ, ಹಿಟ್ಟು ಹುದುಗಲಿ ಎಂದು ರಾತ್ರಿಯೆಲ್ಲ ಕಾಯುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ತಟ್ಟೆಗೆ ಬರುತ್ತದೆ. ಊರು ಬಿಟ್ಟು ಪೇಟೆಯಲ್ಲಿ ರೂಮು ಮಾಡಿದ ಹುಡುಗರು, ಮೊದಲ ನೌಕರಿಗೆ ಬಂದು ಪೀಜಿ ಊಟಕ್ಕೆ ಬೇಸತ್ತ ಹುಡುಗಿಯರು, ಹೆಂಡತಿ ತವರಿಗೆ ಹೋದ ವಾರದಲ್ಲಿ ಒಲೆ ಹಚ್ಚಿದ ಗಂಡಸರು, ಬಹುತೇಕರ ಮೊದಲ ಅಡುಗೆ ಇದೇ. ಸುಲಭ ಎಂಬ ಕಾರಣಕ್ಕೇ ಅದಕ್ಕೆ ಮರ್ಯಾದೆಯೂ ಕಡಿಮೆ. ಬೆಂಗಳೂರಲ್ಲಿ ‘ಕಾಂಕ್ರೀಟು’ ಎಂದು ಗೇಲಿ ಮಾಡುತ್ತಾರೆ. ‘ಇವತ್ತೂ ಉಪ್ಪಿಟ್ಟಾ?’ ಎಂದು ಮುಖ ಸಿಂಡರಿಸದ ಮಕ್ಕಳಿರುವ ಮನೆ ಸಿಗುವುದು ಕಷ್ಟ. ಆದರೆ ಹೆಣ್ಣು ನೋಡಲು ಬಂದವರ ಮುಂದೆ ಕೇಸರಿಬಾತಿನ ಜೊತೆ ತಪ್ಪದೆ ಇಡುತ್ತಿದ್ದದ್ದೂ ಇದನ್ನೇ.

ಉಪ್ಪಿಟ್ಟು ನಿಜಕ್ಕೂ ಸುಲಭದ ಅಡುಗೆಯೇ? ಒಲೆಯ ಮುಂದೆ ನಿಂತವರಿಗೆ ಹೌದು. ಆದರೆ ಅದರ ಕಷ್ಟದ ಭಾಗವೆಲ್ಲ ಒಲೆಗೆ ಬರುವ ಮೊದಲೇ ಮುಗಿದಿರುತ್ತದೆ. ನೂರು ವರ್ಷದ ಹಿಂದೆ ಆ ಭಾಗ ಮನೆಯೊಳಗೇ ಇತ್ತು, ಅದನ್ನು ಮಾಡುತ್ತಿದ್ದವರು ಹೆಂಗಸರು. ಆಮೇಲೆ ಗಿರಣಿ ಬಂತು, ಹೋಟೆಲು ಬಂತು, ಯುದ್ಧ ಬಂತು, ಅಮೆರಿಕದ ಹಡಗು ಬಂತು. ಇವೆಲ್ಲ ಸೇರಿ ಉಪ್ಪಿಟ್ಟನ್ನು ಸುಲಭ ಮಾಡಿದವು.

ಚರಿತ್ರೆಗೆ ಹೋಗುವ ಮೊದಲು ಮಾಡುವ ಕ್ರಮ ಹೇಳಿಬಿಡುತ್ತೇನೆ. ಹೊಸದಾಗಿ ಕಲಿಯುವವರು ಇಷ್ಟನ್ನೇ ಓದಿ ಅಡುಗೆಮನೆಗೆ ಹೋದರೂ ಬೇಸರವಿಲ್ಲ.

ಇಬ್ಬರಿಗೆ ಒಂದು ಲೋಟ ರವೆ ಸಾಕು. ಅಂಗಡಿಯಲ್ಲಿ ‘ಉಪ್ಪಿಟ್ಟು ರವೆ’ ಎಂದೇ ಕೇಳಿ, ಚಿರೋಟಿ ರವೆ ತೀರಾ ನುಣುಪು. ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ರವೆ ಹುರಿಯಿರಿ. ಬಣ್ಣ ಬದಲಾಗಬಾರದು, ಘಮ ಬರಬೇಕು. ಆರೇಳು ನಿಮಿಷ ಹಿಡಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ. ರವೆ ತೆಗೆದಿಟ್ಟು ಅದೇ ಬಾಣಲೆಗೆ ಮೂರು ಚಮಚ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಚೂರು ಶುಂಠಿ, ಹೆಚ್ಚಿದ ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಎರಡೂವರೆ ಲೋಟ ನೀರು ಮತ್ತು ಉಪ್ಪು. ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು ಒಂದು ಕೈ ಮುಂದಿರಬೇಕು, ರವೆ ಬಿದ್ದ ಮೇಲೆ ಸಮವಾಗುತ್ತದೆ. ನೀರು ತಳತಳ ಕುದಿಯುವಾಗ ಒಂದು ಕೈಯಲ್ಲಿ ರವೆ ಉದುರಿಸುತ್ತ ಇನ್ನೊಂದು ಕೈಯಲ್ಲಿ ಕೈಯಾಡಿಸಿ. ಉರಿ ಇಳಿಸಿ, ಮುಚ್ಚಳ ಮುಚ್ಚಿ, ನಾಲ್ಕು ನಿಮಿಷ ಬಿಡಿ. ಮೇಲೆ ತೆಂಗಿನತುರಿ, ಕೊತ್ತಂಬರಿ, ನಿಂಬೆರಸ.

ಗಂಟಾಗುವುದು ಯಾಕೆಂದರೆ, ರವೆ ಒಟ್ಟಿಗೇ ಬಿದ್ದಾಗ ಮುದ್ದೆಯ ಹೊರಭಾಗ ತಕ್ಷಣ ಬೆಂದು ಅಂಟಾಗುತ್ತದೆ, ಒಳಗಿನ ರವೆಗೆ ನೀರು ಹೋಗಲು ದಾರಿಯೇ ಉಳಿಯುವುದಿಲ್ಲ. ಎಣ್ಣೆ ಸವರಿ ಹುರಿದ ರವೆ ಒಂದಕ್ಕೊಂದು ಅಷ್ಟು ಬೇಗ ಅಂಟುವುದಿಲ್ಲ. ಇದರಲ್ಲಿ ಇರುವ ವಿದ್ಯೆ ಇಷ್ಟೇ.

ಈಗ ಹೆಸರಿನ ವಿಚಾರ. ಉಪ್ಪು ಮತ್ತು ಹಿಟ್ಟು ಸೇರಿ ಉಪ್ಪಿಟ್ಟು. ತಮಿಳು, ಮಲಯಾಳದ ‘ಉಪ್ಪುಮಾವು’ ಕೂಡ ಅದೇ, ಮಾವು ಎಂದರೆ ಹಿಟ್ಟು. ತೆಲುಗಿನ ‘ಉಪ್ಪಿಂಡಿ’ಯಲ್ಲಿ ಪಿಂಡಿ ಎಂದರೂ ಹಿಟ್ಟೇ. ನಾಲ್ಕು ಭಾಷೆಯಲ್ಲೂ ಹೆಸರಿನಲ್ಲಿ ರವೆ ಇಲ್ಲ, ಗೋಧಿಯ ಸುಳಿವಂತೂ ಮೊದಲೇ ಇಲ್ಲ. ಉಪ್ಪು ಹಾಕಿ ಬೇಯಿಸಿದ ಹಿಟ್ಟು ಅಥವಾ ತರಿ, ಅಷ್ಟೇ. ಆಂಧ್ರದಲ್ಲಿ ಉಪ್ಪಿಂಡಿ ಎಂದರೆ ಇವತ್ತಿಗೂ ಸಾಮಾನ್ಯವಾಗಿ ಅಕ್ಕಿ ರವೆಯದ್ದು. ನಮ್ಮಲ್ಲೂ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಅಕ್ಕಿತರಿ ಉಪ್ಪಿಟ್ಟು ಇನ್ನೂ ಬದುಕಿದೆ, ಅವರೆಕಾಯಿ ಕಾಲದಲ್ಲಿ ಅದಕ್ಕೆ ಅವರೆಕಾಳು ಬೀಳುತ್ತದೆ. ಉತ್ತರ ಕರ್ನಾಟಕದ ಜೋಳದ ನುಚ್ಚು ಇದರ ಹತ್ತಿರದ ನೆಂಟ. ನವಣೆ, ಸಾಮೆ ಬೆಳೆಯುವಲ್ಲಿ ಅವುಗಳ ನುಚ್ಚು. ಅಂದರೆ ಹೆಸರು ಹಳೆಯದು, ಒಳಗಿನ ಧಾನ್ಯ ಬದಲಾಗಿದೆ. ಕರಾವಳಿಯಲ್ಲಿ ಇದೇ ರವೆ ತಿಂಡಿಗೆ ‘ಸಜ್ಜಿಗೆ’ ಎನ್ನುತ್ತಾರೆ, ಖಾರದ ಅವಲಕ್ಕಿ ಜೊತೆ ಕಲಸಿ ‘ಸಜ್ಜಿಗೆ ಬಜಿಲ್’ ಎಂದು ತಿನ್ನುತ್ತಾರೆ. ಘಟ್ಟದ ಮೇಲಿನವರು ಸಜ್ಜಿಗೆ ಎಂದರೆ ಸಿಹಿ ಎಂದುಕೊಂಡು ಕಾದು ಕೂತರೆ ಖಾರ ಬರುತ್ತದೆ.

ಹೋಟೆಲಿನ ಹೆಸರು ಇದಕ್ಕಿಂತ ತಮಾಷೆ. ‘ಖಾರಾಬಾತ್’. ಮರಾಠಿಯಲ್ಲಿ ಭಾತ್ ಎಂದರೆ ಅನ್ನ. ಬಿಸಿಬೇಳೆಬಾತ್, ವಾಂಗಿಬಾತ್ ಸರಿ, ಅಲ್ಲಿ ಅನ್ನವಿದೆ. ಖಾರಾಬಾತಿನಲ್ಲಿ ಒಂದಗುಳು ಅಕ್ಕಿಯೂ ಇಲ್ಲ. ಮನೆಯ ಉಪ್ಪಿಟ್ಟಿಗೆ ಕಾಸು ಕೊಡಲು ಹಿಂದೆಮುಂದೆ ನೋಡುವವರು, ಬಾತ್ ಎಂದರೆ ಕೊಡುತ್ತಾರೆ ಎಂದು ಯಾರೋ ಲೆಕ್ಕ ಹಾಕಿರಬೇಕು.

ಹಳೆಯ ಕನ್ನಡ ಪುಸ್ತಕಗಳಲ್ಲಿ ಅಡುಗೆಗೆ ಒಳ್ಳೆಯ ಜಾಗವಿದೆ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಮಳೆ, ಬಾವಿ ತೋಡುವ ವಿಚಾರಗಳ ಜೊತೆ ಅಡುಗೆಯೂ ಬರುತ್ತದೆ. (ಈ ಚಾವುಂಡರಾಯ ಬೇರೆ, ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ.) 16ನೇ ಶತಮಾನದ ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಬರೆದ, ಅದೂ ಷಟ್ಪದಿಯಲ್ಲಿ. ಹಿಟ್ಟಿನ ತಿನಿಸುಗಳಿಗೇ ಅದರಲ್ಲಿ ಒಂದು ಅಧ್ಯಾಯವಿದೆ. ಆದರೆ ಇವು ಉಳ್ಳವರ ಮನೆಯ ಅಡುಗೆಗಳು. ಜೋಳ, ರಾಗಿ, ನುಚ್ಚು ತಿಂದು ಹೊಲಕ್ಕೆ ಹೋದವರ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದು ಷಟ್ಪದಿಯಲ್ಲಿ ಬರೆಯಲು ಯಾರೂ ಕೂರಲಿಲ್ಲ. ಹಾಗಾಗಿ ಉಪ್ಪಿಟ್ಟಿನ ಹಳೆಯ ಚರಿತ್ರೆಗೆ ಪುಸ್ತಕಕ್ಕಿಂತ ಮಾತೇ ಒಳ್ಳೆಯ ಸಾಕ್ಷಿ. ನುಚ್ಚು, ತರಿ, ಹಿಟ್ಟು ಎಂಬ ಮೂರು ಬೇರೆ ಬೇರೆ ಹೆಸರಿಟ್ಟುಕೊಂಡ ಭಾಷೆಯಲ್ಲಿ, ಕಾಳನ್ನು ಎಷ್ಟು ಒಡೆದರೆ ಏನಾಗುತ್ತದೆ ಎಂದು ದಿನವೂ ನೋಡುತ್ತಿದ್ದ ಕೈಗಳಿದ್ದವು.

ಒಗ್ಗರಣೆಯಲ್ಲೂ ಒಂದು ಸಾಕ್ಷಿ ಇದೆ. ಹಸಿಮೆಣಸಿನಕಾಯಿ ಇಲ್ಲದ ಉಪ್ಪಿಟ್ಟನ್ನು ಈಗ ಊಹಿಸುವುದೂ ಕಷ್ಟ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದದ್ದು. ಅವರು ಗೋವಾ ಹಿಡಿದದ್ದು 1510ರಲ್ಲಿ. ಅದಕ್ಕೆ ಮೊದಲು ಖಾರ ಎಂದರೆ ಮೆಣಸು, ಈಗ ನಾವು ಕಾಳುಮೆಣಸು, ಒಳ್ಳೆಮೆಣಸು ಎನ್ನುವುದು. ಹೊಸ ಗಿಡ ಬಂದಾಗ ಜನ ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ, ‘ಮೆಣಸಿನ ಕಾಯಿ’ ಎಂದರು. ಕೊನೆಗೆ ಬಂದವನೇ ಮನೆಯ ಯಜಮಾನನಾಗಿ, ಮೊದಲಿದ್ದವನು ತಾನು ‘ಒಳ್ಳೆಯ’ವನು ಎಂದು ಹೇಳಿಕೊಳ್ಳಬೇಕಾಯಿತು. ಉತ್ತರ ಕರ್ನಾಟಕದ ಉಪ್ಪಿಟ್ಟಿಗೆ ಬೀಳುವ ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು.

ಇನ್ನು ಗೋಧಿ. ಕರ್ನಾಟಕದಲ್ಲಿ ಗೋಧಿ ಹೊಸದೇನಲ್ಲ, ಆದರೆ ಅದು ಎಲ್ಲರ ಊಟವೂ ಆಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಗದಗ, ಬಾಗಲಕೋಟೆಯ ಎರೆಹೊಲದಲ್ಲಿ ಹಿಂಗಾರಿಗೆ, ನೆಲದಲ್ಲಿ ಉಳಿದ ತೇವದ ಮೇಲೇ ಬೆಳೆಯುವ ಬೆಳೆ ಅದು. ಅಲ್ಲಿನ ಹಳೆಯ ತಳಿಗಳು ಚಪಾತಿಗೆ ಹೇಳಿಮಾಡಿಸಿದವಲ್ಲ. ಗಟ್ಟಿ ಕಾಳಿನ ಡ್ಯೂರಮ್ ಗೋಧಿ ಮತ್ತು ಹೊಟ್ಟಿನ ಸಮೇತ ಬರುವ ಜವೆ ಗೋಧಿ. ಜವೆ ಗೋಧಿಗೆ ಸದಕ, ಖಪಲಿ ಎಂಬ ಹೆಸರೂ ಇವೆ. ಈ ಗಟ್ಟಿ ಕಾಳು ಒಡೆದರೆ ಹಿಟ್ಟಾಗುವುದಕ್ಕಿಂತ ತರಿಯಾಗುವುದೇ ಹೆಚ್ಚು. ಶ್ಯಾವಿಗೆ, ಮಾದಲಿ, ಹುಗ್ಗಿ, ರವೆ ಎಲ್ಲ ಇದರಿಂದಲೇ. ಅಂಗಡಿಯ ‘ಬನ್ಸಿ ರವೆ’ ಎಂಬ ಹೆಸರಿನಲ್ಲಿ ಇರುವ ಬನ್ಸಿ ಕೂಡ ಒಂದು ಡ್ಯೂರಮ್ ಗೋಧಿಯ ಹೆಸರೇ. ಕೆಳಗೆ ಮೈಸೂರು, ಮಂಡ್ಯ, ತುಮಕೂರು, ಕೋಲಾರದ ಕಡೆ ರಾಗಿಯ ನೆಲ. ಅಲ್ಲಿನ ಬಡವರ ಮನೆಗೆ ಗೋಧಿ ಬಂದರೆ ಹಬ್ಬಕ್ಕೆ ಬರಬೇಕು.

ಬಂದ ಗೋಧಿಯೂ ರವೆಯಾಗಿ ಬರುತ್ತಿರಲಿಲ್ಲ. ಕಾಳಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟು, ನೆರಳಲ್ಲಿ ಆರಿಸಬೇಕು. ಆಗ ಮೇಲಿನ ಸಿಪ್ಪೆ ಮೆತ್ತಗಾಗಿ ಚಕ್ಕೆಚಕ್ಕೆಯಾಗಿ ಬಿಡುತ್ತದೆ. ದೊಡ್ಡ ಗಿರಣಿಗಳು ಇವತ್ತಿಗೂ ಮೊದಲು ಮಾಡುವುದು ಇದನ್ನೇ. ಆಮೇಲೆ ಬೀಸುವ ಕಲ್ಲಿಗೆ ಹಾಕಿ ಒಡೆಯಬೇಕು. ನುಣ್ಣಗಾದರೆ ಕೆಟ್ಟಿತು, ದಪ್ಪವಾದರೆ ಬೇಯದು. ಜರಡಿ ಹಿಡಿದು ಹಿಟ್ಟು ಬೇರೆ ಮಾಡಬೇಕು. ಮೊರದಲ್ಲಿ ಕೇರಿ ತೌಡು ಹಾರಿಸಬೇಕು. ಉಳಿದ ದಪ್ಪ ತರಿಯನ್ನು ಮತ್ತೆ ಕಲ್ಲಿಗೆ. ಎರಡು ಸೇರು ಗೋಧಿಯಿಂದ ರವೆ ತೆಗೆಯುವಷ್ಟರಲ್ಲಿ ತೋಳು ಬಿದ್ದು ಹೋಗುತ್ತಿತ್ತು. ಬೀಸುವುದು ನಸುಕಿನ ಕೆಲಸ, ಗಂಡಸರು ಏಳುವ ಮೊದಲು ಮುಗಿಯಬೇಕಾದದ್ದು. ಬೀಸುವ ಪದಗಳು ಹುಟ್ಟಿದ್ದು ಅಲ್ಲೇ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂದು ಕೂಡಿಸಿಕೊಟ್ಟದ್ದನ್ನು ನಾವು ಸಾಹಿತ್ಯ ಎಂದು ಓದುತ್ತೇವೆ. ಅಂಥ ಎಷ್ಟೋ ಹಾಡುಗಳು ತೋಳುನೋವಿನ ಹೊತ್ತಿನಲ್ಲಿ, ಕಲ್ಲಿನ ಗೂಟ ಹಿಡಿದು ಹೇಳಿದವು.

ಇದನ್ನೆಲ್ಲ ಮುಗಿಸಿ ಒಲೆ ಹಚ್ಚಿದವಳಿಗೆ ‘ಉಪ್ಪಿಟ್ಟು ಸುಲಭ’ ಎಂದು ಯಾರಾದರೂ ಹೇಳಿದ್ದರೆ ಸೌಟು ಬೀಸಿ ಬರುತ್ತಿತ್ತು.

ಕಲ್ಲಿನ ಕೆಲಸವನ್ನು ಕಿತ್ತುಕೊಂಡದ್ದು ರೋಲರ್ ಗಿರಣಿ. ಕಲ್ಲಿನ ಬದಲು ಉಕ್ಕಿನ ಉರುಳೆಗಳ ನಡುವೆ ಕಾಳನ್ನು ಹಂತಹಂತವಾಗಿ ಒಡೆಯುವ ಈ ವಿಧಾನ 19ನೇ ಶತಮಾನದಲ್ಲಿ ಹಂಗೇರಿಯಲ್ಲಿ ಚೆನ್ನಾಗಿ ಬೆಳೆದು, ಆಮೇಲೆ ಜಗತ್ತಿಗೆಲ್ಲ ಹರಡಿತು. ತೌಡು, ರವೆ, ಮೈದಾ ಮೂರನ್ನೂ ಬೇರೆ ಬೇರೆ ಮಾಡಿ ಕೊಡುವುದು ಅದರ ಹೆಚ್ಚುಗಾರಿಕೆ. ಊರಿನ ಹಿಟ್ಟಿನ ಗಿರಣಿಗೆ ಒಯ್ದರೆ ಗೋಧಿ ಹಿಟ್ಟಾಗಿ ಬರುತ್ತದೆ. ಬಿಳಿಯ ಒಂದೇ ಅಳತೆಯ ರವೆ ಬೇಕಾದರೆ ರೋಲರ್ ಗಿರಣಿಯೇ ಆಗಬೇಕು. ಹೀಗೆ ರವೆ ಪೇಟೆಯ ಸರಕಾಯಿತು, ದಿನಸಿ ಅಂಗಡಿಯ ಚೀಲಕ್ಕೆ ಬಂತು.

ಪೇಟೆಯಲ್ಲಿ ಅದಕ್ಕೆ ಗಿರಾಕಿ ಕಾದಿದ್ದರು. ಮಡಿ ಪಾಲಿಸುವ ಮನೆಗಳಲ್ಲಿ ಅನ್ನ ಮುಸುರೆ. ಅನ್ನ ಮುಟ್ಟಿದ ಕೈ ತೊಳೆಯಬೇಕು, ಪಾತ್ರೆ ಬೇರೆ ಇಡಬೇಕು, ಒಪ್ಪತ್ತಿನ ರಾತ್ರಿ ಅದನ್ನು ತಿನ್ನುವಂತಿಲ್ಲ. ಹುರಿದ ರವೆಯದ್ದು, ಅವಲಕ್ಕಿಯದ್ದು ಫಲಾಹಾರದ ಲೆಕ್ಕ. ಹೀಗಾಗಿ ಶನಿವಾರದ ರಾತ್ರಿಗೆ, ವ್ರತದ ದಿನಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ ಉಪ್ಪಿಟ್ಟು ಒಗ್ಗಿತು. ಅನ್ನವನ್ನು ಯಾರ ಕೈಯಿಂದ ತಿನ್ನಬೇಕು ಎಂಬ ಕಟ್ಟು ಬಿಗಿಯಾಗಿದ್ದ ಕಾಲದಲ್ಲಿ ತಿಂಡಿಯ ಕಟ್ಟು ಸ್ವಲ್ಪ ಸಡಿಲ. 20ನೇ ಶತಮಾನದ ಮೊದಲರ್ಧದಲ್ಲಿ ಬೆಳೆದ ಉಡುಪಿ ಹೋಟೆಲುಗಳು ಕಾಫಿ ತಿಂಡಿಯ ಮೇಲೆ ನಿಂತದ್ದರಲ್ಲಿ ಇದರ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಸಡಿಲ ಎಂದರೆ ಎಷ್ಟು ಸಡಿಲ ಎಂದೂ ಹೇಳಬೇಕು. ಆಗಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು, ದಲಿತರಿಗೆ ಒಳಗೆ ಜಾಗವೇ ಇರಲಿಲ್ಲ. ಬಾಣಲೆ ಒಂದೇ, ಪಂಕ್ತಿ ಬೇರೆ.

ಎರಡನೇ ಮಹಾಯುದ್ಧ ರವೆಗೆ ಇನ್ನೊಂದು ತಳ್ಳು ಕೊಟ್ಟಿತು. 1942ರ ಮಾರ್ಚ್‌ನಲ್ಲಿ ಜಪಾನಿನ ಸೇನೆ ರಂಗೂನ್ ಹಿಡಿದಾಗ ಬರ್ಮಾದ ಅಕ್ಕಿ ಬರುವುದು ನಿಂತಿತು. ಅಕ್ಕಿ ತಿನ್ನುವ ದಕ್ಷಿಣದ ಊರುಗಳಲ್ಲಿ ರೇಷನ್, ಅಕ್ಕಿಯ ಜಾಗದಲ್ಲಿ ಬೇರೆ ಧಾನ್ಯ. ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಹುಟ್ಟಿದ್ದು ಈ ಅಕ್ಕಿ ಕೊರತೆಯಲ್ಲೇ ಎನ್ನುತ್ತಾರೆ. ಇಡ್ಲಿಯೇ ರವೆಗೆ ತಿರುಗಿತೆಂದ ಮೇಲೆ ಉಪ್ಪಿಟ್ಟಿನ ಮಾತೇನು.

ಇಷ್ಟಾದರೂ ಹಳ್ಳಿಯ ಮಕ್ಕಳ ಬಾಯಿಗೆ ಉಪ್ಪಿಟ್ಟು ಬಿದ್ದದ್ದು ಹೋಟೆಲಿನಿಂದಲ್ಲ. ನಿಮ್ಮ ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ ಕೇಳಿ ನೋಡಿ: ಶಾಲೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದರಾ? ಅದರ ಬಣ್ಣ ಯಾವುದು? ಬಹಳಷ್ಟು ಜನ ಹೇಳುವುದು ಒಂದೇ: ಹಳದಿ. ಜೊತೆಗೆ ಹಾಲಿನ ಪುಡಿಯಿಂದ ಕದಡಿದ ಹಾಲು. ಕೆಲವರು ಅದನ್ನು ‘ಕೇರ್ ಉಪ್ಪಿಟ್ಟು’ ಎನ್ನುತ್ತಾರೆ.

ಆ ಹಳದಿಯ ಹಿಂದೆ ದೊಡ್ಡ ಕತೆಯಿದೆ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಗೋಧಿ, ಜೋಳ ಮಾರಾಟವಾಗದೆ ಕಣಜದಲ್ಲಿ ಕೊಳೆಯುವಷ್ಟು ಉಳಿಯುತ್ತಿತ್ತು. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಒಂದು ಕಾನೂನಿಗೆ ಸಹಿ ಹಾಕಿದರು. ಅದೇ ಪಬ್ಲಿಕ್ ಲಾ 480, ನಮ್ಮವರ ಬಾಯಲ್ಲಿ ‘ಪಿಎಲ್ 480’. ಉಳಿದ ಧಾನ್ಯವನ್ನು ಬೇರೆ ದೇಶಗಳಿಗೆ ಅವರದೇ ಹಣದಲ್ಲಿ ಮಾರುವುದು ಒಂದು ಭಾಗ. ಡಾಲರ್ ಇಲ್ಲದ ಭಾರತಕ್ಕೆ ರೂಪಾಯಿ ಕೊಟ್ಟು ಗೋಧಿ ತರುವ ದಾರಿ ಸಿಕ್ಕಿತು. ಸ್ವಯಂಸೇವಾ ಸಂಸ್ಥೆಗಳ ಮೂಲಕ ದಾನ ಮಾಡುವುದು ಇನ್ನೊಂದು ಭಾಗ. ಭಾರತ 1956ರ ಆಗಸ್ಟ್‌ನಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರ ಮೇ ತಿಂಗಳಲ್ಲಿ ಆಹಾರ ಸಚಿವ ಎಸ್.ಕೆ. ಪಾಟೀಲರು ಸಹಿ ಹಾಕಿದ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. 1966 ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬಂತು. ಅಧ್ಯಕ್ಷ ಜಾನ್ಸನ್ ವರ್ಷದ ಬಾಬ್ತನ್ನು ಒಟ್ಟಿಗೆ ಕೊಡದೆ ತುಸು ತುಸುವೇ ಬಿಡುತ್ತಿದ್ದರು, ಹಡಗು ತಡವಾದರೆ ದೆಹಲಿಯಲ್ಲಿ ಬೆವರು. ಲಾಲ್ ಬಹದ್ದೂರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ದೇಶವನ್ನು ಕೇಳಿದ್ದು ಆ ದಿನಗಳಲ್ಲಿ.

‘ಕಾಂಗ್ರೆಸ್ ಗಿಡ’ ಕೂಡ ಈ ಗೋಧಿಯ ಜೊತೆ ಬಂತು ಎಂದು ನಮ್ಮ ರೈತರು ಹೇಳುತ್ತಾರಲ್ಲ, ಆ ಕತೆ ಅಷ್ಟು ಸಲೀಸಲ್ಲ. ಪುಣೆಯಲ್ಲಿ ಪಾರ್ಥೇನಿಯಂ ಕಂಡದ್ದು 1955ರಲ್ಲಿ, ಪಿಎಲ್ 480 ಒಪ್ಪಂದ ಆದದ್ದು ಮರುವರ್ಷ. ಆದರೆ 1951ರಲ್ಲೇ ಸಾಲದ ಮೇಲೆ ಅಮೆರಿಕದ ಗೋಧಿ ಬಂದಿತ್ತು. ಹಾಗಾಗಿ ಗೋಧಿಯನ್ನು ಪೂರ್ತಿ ಬಿಡುಗಡೆ ಮಾಡುವಂತೆಯೂ ಇಲ್ಲ, ಆ ಕಾನೂನಿನ ಹೆಸರಿನಲ್ಲಿ ದೂರು ದಾಖಲಿಸುವಂತೆಯೂ ಇಲ್ಲ.

ದಾನದ ಭಾಗ ಶಾಲೆಗೆ ಬಂದದ್ದು ಕೇರ್ ಎಂಬ ಸಂಸ್ಥೆಯ ಮೂಲಕ. 1945ರಲ್ಲಿ, ಯುದ್ಧದಲ್ಲಿ ನಲುಗಿದ ಯುರೋಪಿಗೆ ಆಹಾರದ ಪೆಟ್ಟಿಗೆ ಕಳಿಸಲು ಅಮೆರಿಕದಲ್ಲಿ ಶುರುವಾದ ಸಂಸ್ಥೆ ಅದು. 1950ರಲ್ಲಿ ಭಾರತ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಪಕ್ಕದ ಮದ್ರಾಸ್ ರಾಜ್ಯದಲ್ಲಿ ಕೆ. ಕಾಮರಾಜರು 1956ರಲ್ಲಿ ಶಾಲೆಯ ಮಧ್ಯಾಹ್ನದ ಊಟ ಆರಂಭಿಸಿದರು, ಮುಂದೆ ಅದಕ್ಕೂ ಕೇರ್ ನೆರವು ಸೇರಿತು. ಅರವತ್ತರ ದಶಕದಲ್ಲಿ ಮೈಸೂರು ರಾಜ್ಯದ ಶಾಲೆಗಳಿಗೂ ಅಮೆರಿಕದ ಚೀಲಗಳು ಬಂದವು. ಒಂದು ಬಗೆ ಬಲ್ಗರ್ ಗೋಧಿ, ಅಂದರೆ ಬೇಯಿಸಿ ಒಣಗಿಸಿ ಒಡೆದ ಗೋಧಿ ನುಚ್ಚು. ಇನ್ನೊಂದು ಮೆಕ್ಕೆಜೋಳದ್ದು. 1966ರಿಂದ ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಹಿಟ್ಟು ತಯಾರಾಗತೊಡಗಿತು. ಜೊತೆಗೆ ತಗಡಿನ ಡಬ್ಬಿಯಲ್ಲಿ ಸೋಯಾ ಎಣ್ಣೆ. ಚೀಲದ ಮೇಲೆ, ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರ. ಖಾಲಿ ಡಬ್ಬಿ ನೀರು ಸೇದಲು, ಗಿಡ ಬೆಳೆಸಲು, ಚೀಲ ಮಕ್ಕಳು ಕೂರಲು. ಯಾವುದೂ ಹಾಳಾಗುತ್ತಿರಲಿಲ್ಲ.

ಈ ಹಿಟ್ಟಿನಿಂದ ಅಮೆರಿಕದವರು ಏನು ಮಾಡಬೇಕೆಂದಿದ್ದರೋ, ಇಲ್ಲಿ ಅದು ಉಪ್ಪಿಟ್ಟಾಯಿತು. ಬೇರೆ ಏನು ಆಗಲು ಸಾಧ್ಯವಿತ್ತು ಯೋಚಿಸಿ. ಮಕ್ಕಳು ನೂರು, ಪಾತ್ರೆ ಒಂದು, ಕಲ್ಲಿನ ಒಲೆ, ಸೌದೆ ಮಕ್ಕಳೇ ಆರಿಸಿ ತಂದದ್ದು, ಅಡುಗೆಗೆ ನಿಂತವರು ಎಷ್ಟೋ ಕಡೆ ಮೇಷ್ಟ್ರು ಮತ್ತು ದೊಡ್ಡ ತರಗತಿಯ ಹುಡುಗರು. ರೊಟ್ಟಿ ತಟ್ಟುವಂತಿಲ್ಲ, ಸಾರು ಬೇರೆ ಮಾಡುವಂತಿಲ್ಲ. ಅಡುಗೆ ಬಾರದವರ ಅಡುಗೆ ಎಂಬ ಉಪ್ಪಿಟ್ಟಿನ ಹೆಸರು ನಿಜವಾಗಿ ಪಕ್ಕಾ ಆದದ್ದು ಇಲ್ಲಿ. ಕೇರಳದ ಶಾಲೆಗಳಲ್ಲೂ ಇದೇ ಹಳದಿ ಉಪ್ಪುಮಾವು ಒಂದು ತಲೆಮಾರನ್ನೇ ಸಾಕಿದೆ, ಅಲ್ಲಿನವರು ಈಗಲೂ ಅದರ ವಾಸನೆ ನೆನೆಯುತ್ತಾರೆ.

ನೆನೆಯುವವರ ಮಾತಿನಲ್ಲಿ ಎರಡು ಬಗೆ. ಹೊಟ್ಟೆಗಿದ್ದ ಮನೆಯವರು ‘ಹುಳ ಇರುತ್ತಿತ್ತು, ಕಹಿ ಇರುತ್ತಿತ್ತು’ ಎನ್ನುತ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದವರು ‘ಅಂಥ ಉಪ್ಪಿಟ್ಟು ಮತ್ತೆ ತಿನ್ನಲಿಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಿಎಲ್ 480ರ ಬಗ್ಗೆ ಬರೆಯುವವರು ದೇಶದ ಸ್ವಾಭಿಮಾನ, ಜಾನ್ಸನ್ ಹಟ, ಹಸಿರು ಕ್ರಾಂತಿ ಎಂದು ಬರೆಯುತ್ತಾರೆ, ಬರೆಯಬೇಕಾದದ್ದೇ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಯೂಮಿನಿಯಂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಏಳು ವರ್ಷದ ಹುಡುಗಿಗೆ ಆ ಚೀಲ ಯಾವ ದೇಶದ್ದು ಎಂಬುದು ಪ್ರಶ್ನೆಯಾಗಿರಲಿಲ್ಲ. ಶಾಲೆಗೆ ಬರಲು ಅವಳಿಗೆ ಅದೊಂದು ಕಾರಣವಾಗಿತ್ತು.

ಈ ಹಳದಿ ಉಪ್ಪಿಟ್ಟಿಗೆ ಒಂದು ವಿಚಿತ್ರ ಬಾಲವಿದೆ. 2011ರಲ್ಲಿ ಅಮೆರಿಕದ ‘ಟಾಪ್ ಶೆಫ್ ಮಾಸ್ಟರ್ಸ್’ ಎಂಬ ಟಿವಿ ಸ್ಪರ್ಧೆಯನ್ನು ಮುಂಬೈ ಮೂಲದ ಬಾಣಸಿಗ ಫ್ಲಾಯ್ಡ್ ಕಾರ್ಡೋಸ್ ಗೆದ್ದರು. ಬಹುಮಾನ ಒಂದು ಲಕ್ಷ ಡಾಲರ್. ಕೊನೆಯ ಸುತ್ತಿನಲ್ಲಿ ಅವರು ಬಡಿಸಿದ್ದರಲ್ಲಿ ಒಂದು, ಅಣಬೆ ಹಾಕಿದ ‘ಉಪ್ಮಾ ಪೊಲೆಂಟಾ’. ಪೊಲೆಂಟಾ ಎಂದರೆ ಇಟಲಿಯವರ ಮೆಕ್ಕೆಜೋಳದ ಗಂಜಿ. ಅಮೆರಿಕದ ಮೆಕ್ಕೆಜೋಳಕ್ಕೆ ಒಗ್ಗರಣೆ ಹಾಕಿ ನಮ್ಮ ಮೇಷ್ಟ್ರುಗಳು ಅರ್ಧ ಶತಮಾನದ ಹಿಂದೆಯೇ ಅದರ ಸೋದರನನ್ನು ಬೇಯಿಸಿ ಬಡಿಸಿದ್ದರು, ಅಣಬೆ ಒಂದು ಇರಲಿಲ್ಲ ಅಷ್ಟೇ.

ಅಷ್ಟರಲ್ಲಿ ಗೋಧಿಯೂ ಬದಲಾಗಿತ್ತು. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಿತು. ಪಂಜಾಬು, ಹರಿಯಾಣದ ನೀರಾವರಿಯಲ್ಲಿ ಅದು ಹುಲುಸಾಗಿ ಬೆಳೆಯಿತು, ಹಡಗಿನ ದಾರಿ ಕಾಯುವುದು ತಪ್ಪಿತು. ಅಗ್ಗದ ಗೋಧಿ ದೇಶದೆಲ್ಲೆಡೆಯ ಗಿರಣಿಗೆ ಹೋಯಿತು, ಅಗ್ಗದ ರವೆ ಹಳ್ಳಿಯ ಅಂಗಡಿಗೂ ಬಂತು. ನಮ್ಮ ಎರೆಹೊಲದ ಜವೆ ಗೋಧಿ ಹಿಂದೆ ಸರಿಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025ರಂಥ ಸುಧಾರಿತ ಜವೆ ತಳಿಗಳನ್ನು ಕೊಟ್ಟಿದ್ದರಿಂದ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬ ಮಾತು ಹಬ್ಬಿದ್ದರಿಂದ ಅದು ಈಗ ಪ್ಯಾಕೆಟ್ಟಿನಲ್ಲಿ, ದುಬಾರಿ ಬೆಲೆಗೆ ಮರಳಿ ಬರುತ್ತಿದೆ. ತಂದು ಮಾಡುವುದಾದರೆ ನೀರು ಮೂರು ಲೋಟ ಹಿಡಿಯಿರಿ, ಹೊತ್ತೂ ಸ್ವಲ್ಪ ಹೆಚ್ಚು ಬೇಕು.

ಶಾಲೆಯ ಉಪ್ಪಿಟ್ಟು ಎಲ್ಲ ಕಡೆ ಒಂದೇ ಸಲ ನಿಂತಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಅದು ಮುಂದುವರಿಯಿತು. ಕರ್ನಾಟಕದಲ್ಲಿ ಆ ಯೋಜನೆಯ ಮೊದಲ ಊರು ಟಿ. ನರಸೀಪುರ. 1995ರಲ್ಲಿ ಕೇಂದ್ರದ ಶಾಲಾ ಊಟದ ಕಾರ್ಯಕ್ರಮ ಬಂದಾಗ ನಮ್ಮಲ್ಲಿ ಬೇಯಿಸಿ ಬಡಿಸಲಿಲ್ಲ, ಹಾಜರಾತಿ ನೋಡಿ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಟ್ಟು ಕಳಿಸಿದರು. ಬೇಯಿಸಿಯೇ ಕೊಡಬೇಕು ಎಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಹೇಳಿತು. 2002ರ ಜೂನ್‌ನಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ, ಈ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಈಗ ಅನ್ನ ಸಾಂಬಾರಿನದೇ ಕಾರುಬಾರು, ಉಪ್ಪಿಟ್ಟು ನಡುನಡುವೆ ಬಂದು ಹೋಗುತ್ತದೆ.

ಮೇಷ್ಟ್ರ ಜಾಗಕ್ಕೆ ಈಗ ಅಡುಗೆಯವರು ಬಂದಿದ್ದಾರೆ. ಬಹುಪಾಲು ಊರಿನ ಬಡ ಹೆಂಗಸರು. ಮುಸುರೆಯ ಲೆಕ್ಕ ಇಲ್ಲಿಗೂ ಬಂದದ್ದುಂಟು: ದಲಿತ ಮಹಿಳೆ ಬೇಯಿಸಿದ್ದನ್ನು ತಿನ್ನಬೇಡಿ ಎಂದು ಮಕ್ಕಳನ್ನು ತಡೆದ ಸುದ್ದಿಗಳು ಈ ಇಪ್ಪತ್ತು ವರ್ಷಗಳಲ್ಲಿ ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದಿವೆ. ಎಷ್ಟೋ ಶಾಲೆಗಳಲ್ಲಿ ಅದೇ ಹೆಂಗಸರು ಬಡಿಸಿದ್ದನ್ನು ಮಕ್ಕಳೆಲ್ಲ ಒಟ್ಟಿಗೆ ಕೂತು ಉಣ್ಣುತ್ತಿರುವುದೂ ನಿಜ. ಅದು ಸುದ್ದಿಯಾಗುವುದಿಲ್ಲ. ಬೆಳಿಗ್ಗೆ ಬಂದು ಕಸ ಹೊಡೆದು, ಅಕ್ಕಿ ಆರಿಸಿ, ತರಕಾರಿ ಹೆಚ್ಚಿ, ನೂರಾರು ತಟ್ಟೆಗೆ ಬಡಿಸಿ, ಪಾತ್ರೆ ತಿಕ್ಕಿಟ್ಟು ಹೋಗುವ ಹೊತ್ತಿಗೆ ಶಾಲೆಯ ಮೂರನೇ ಗಂಟೆ ಹೊಡೆದಿರುತ್ತದೆ. 2009ರ ಡಿಸೆಂಬರ್‌ನಿಂದ ಕೇಂದ್ರ ಸರ್ಕಾರ ಅವರಿಗೆ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ಬೇಸಿಗೆ ರಜೆಯಲ್ಲಿ ಅವರಿಗೂ ರಜೆ, ದುಡ್ಡಿಗೂ ರಜೆ. ರಾಜ್ಯ ಸರ್ಕಾರ ಆಗಾಗ ತನ್ನ ಪಾಲು ಸೇರಿಸಿದೆ. ಅದನ್ನು ಕೂಲಿ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಗೌರವಧನಕ್ಕೆ ಕನಿಷ್ಠ ಕೂಲಿಯ ಲೆಕ್ಕವಿಲ್ಲ. ಅದನ್ನು ಕೂಲಿ ಎಂದು ಕರೆಯಿರಿ ಎಂದು ಕೇಳಲು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹಲವು ಸಲ ಬಂದು ಕೂತಿದ್ದಾರೆ.